ಸೀಟು ಸಿಕ್ಕಿತು, ಮೊದಲ ಪೀರಿಯಡ್ ಸಿಗಲಿಲ್ಲ!

ತುಮಕೂರು: ಬೆಳಿಗ್ಗೆ ಎಂಟೂವರೆ ಗಂಟೆ. ಮಧುಗಿರಿ ರಸ್ತೆಯ ಒಂದು ಊರಿನ ಗೇಟಿನಲ್ಲಿ ಹತ್ತಾರು ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ನಿಂತಿದ್ದಾರೆ. ಪ್ರೈವೇಟ್ ಬಸ್ಸೊಂದು ಹಾರನ್ ಬಾರಿಸುತ್ತಾ ಬಂದು ನಿಲ್ಲುತ್ತದೆ. ‘ತುಮ್ಕೂರ್, ತುಮ್ಕೂರ್’ ಎಂದು ಕ್ಲೀನರ್ ಕೂಗುತ್ತಾನೆ. ಇಬ್ಬರೋ ಮೂವರೋ ಹತ್ತುತ್ತಾರೆ. ಉಳಿದವರು ಕದಲುವುದಿಲ್ಲ. ಅವರು ಕಾಯುತ್ತಿರುವುದು ಸರ್ಕಾರಿ ಬಸ್ಸಿಗೆ. ಅದು ಬರುವಾಗ ಒಂಬತ್ತು ದಾಟಿರುತ್ತದೆ. ಕಾಲೇಜು ಮುಟ್ಟುವಾಗ ಹತ್ತು. ಅಲ್ಲಿ ಮೊದಲ ಪೀರಿಯಡ್ ಶುರುವಾದದ್ದು ಒಂಬತ್ತೂವರೆಗೆ!

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂತು. ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಮಗಳನ್ನು ಕಾಲೇಜಿಗೆ ಕಳಿಸಲು ಬಸ್ ಚಾರ್ಜಿಗೆ ಹೆದರುತ್ತಿದ್ದ ಮನೆಗಳಿಗೆ ಇದೊಂದು ದೊಡ್ಡ ಆಸರೆ. ಆದರೆ ಪ್ರೈವೇಟ್ ಬಸ್ಸಿಗೆ ಈ ಯೋಜನೆ ಇಲ್ಲ. ಹುಡುಗರು ತೆಗೆದುಕೊಳ್ಳುವ ನಿಗಮದ ಸ್ಟೂಡೆಂಟ್ ಪಾಸೂ ಅಲ್ಲಿ ನಡೆಯುವುದಿಲ್ಲ. ದುಡ್ಡು ಕೊಟ್ಟರೆ ಟೈಮಿಗೆ ಕಾಲೇಜು, ಕಾದರೆ ಫ್ರೀ ಬಸ್ಸು. ದಿನಾ ದುಡ್ಡು ಕೊಡಲಾಗದವರು ಕಾಯುತ್ತಾರೆ. ಅಷ್ಟೇ ಕತೆ.

ದಿನಾ ಬಂದರೂ ಶಾರ್ಟೇಜ್

ಕಾದದ್ದಕ್ಕೆ ಬೆಲೆ ತೆರುವುದು ಸೆಮಿಸ್ಟರ್ ಕೊನೆಗೆ. ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಿ ಬೇಕು. ಬಿ.ಕಾಂ. ಓದುವ ಟೀ ಅಂಗಡಿಯವರ ಮಗಳೊಬ್ಬಳ ಹೆಸರು ನೋಟಿಸ್ ಬೋರ್ಡಿನ ಶಾರ್ಟೇಜ್ ಪಟ್ಟಿಯಲ್ಲಿ ಬಂತು.

‘ಒಂದಿನಾನೂ ತಪ್ಸಿಲ್ಲ ಸಾರ್, ಜ್ವರ ಬಂದಾಗ್ಲೂ ಬಂದಿದೀನಿ’ ಎಂದು ಅವಳು ಅತ್ತಳು.

‘ನೀನು ಬರೋದು ಗೊತ್ತಮ್ಮಾ. ರಿಜಿಸ್ಟರ್‌ನಲ್ಲಿ ಇಲ್ವಲ್ಲ, ಏನ್ ಮಾಡ್ಲಿ?’ ಎಂದರು ಮೇಷ್ಟ್ರು. ಇಬ್ಬರದೂ ನಿಜವೇ.

ಲೆಕ್ಕ ಹಾಕಿ ನೋಡಿ. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ಕ್ಲಾಸು. ಅದರಲ್ಲಿ ಮೂರು ಬೆಳಗಿನ ಮೊದಲ ಪೀರಿಯಡ್‌ಗೇ ಬಿದ್ದಿವೆ. ಹಳ್ಳಿಯ ಹುಡುಗಿಗೆ ಸಿಗುವುದು ನಾಲ್ಕರಲ್ಲಿ ಒಂದೇ, ಅಂದರೆ ನೂರಕ್ಕೆ 25. ಉಳಿದೆಲ್ಲ ವಿಷಯದಲ್ಲಿ ಪೂರಾ ಹಾಜರಿ ಇದ್ದರೂ ಈ ಒಂದರಲ್ಲಿ ಕುತ್ತಿಗೆಗೆ ಬಂತು. ತಪ್ಪು ಹುಡುಗಿಯದಲ್ಲ, ಟೈಮ್ ಟೇಬಲ್ಲಿನದು.

ಕಾಲೇಜಿಗೇನೂ ಬರವಿಲ್ಲ

ರಾಜ್ಯದಲ್ಲಿ ಕಾಲೇಜುಗಳಿಗೆ ಕೊರತೆ ಇದೆಯೆಂದು ಯಾರೂ ಹೇಳುವಂತಿಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ಲೆಕ್ಕದಲ್ಲಿ 18ರಿಂದ 23 ವಯಸ್ಸಿನ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳಿದ್ದವು. ದೇಶದ ಸರಾಸರಿ 30. ಆ ವಯಸ್ಸಿನ ನೂರು ಮಂದಿಗೆ ಉನ್ನತ ಶಿಕ್ಷಣದ ದಾಖಲಾತಿ ಇಲ್ಲಿ 36ರಷ್ಟು, ದೇಶದಲ್ಲಿ 28ರಷ್ಟು. ತುಮಕೂರಿಗೆ 2004ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು. ಅದಕ್ಕೆ ಮುಂಚೆ ಇಲ್ಲಿನ ಕಾಲೇಜುಗಳು ಬೆಂಗಳೂರು ವಿ.ವಿ.ಗೆ ಸೇರಿದ್ದವು.

ಒಳಕ್ಕೆ ಹೋಗುವ ಬಾಗಿಲೇನೋ ಅಗಲವಾಗಿದೆ. ಡಿಗ್ರಿ ಹಿಡಿದು ಹೊರಕ್ಕೆ ಬರುವ ಬಾಗಿಲು? ಅಲ್ಲೇ ಇರುವುದು ಇಕ್ಕಟ್ಟು.

ಅಕ್ಕನ ಪುಸ್ತಕ ಬೋಂಡಾ ಪೊಟ್ಟಣಕ್ಕೆ

ಎರಡನೆಯ ಇಕ್ಕಟ್ಟು ಸಿಲಬಸ್‌ನದು. ಈ ಟೀ ಅಂಗಡಿಯವರಿಗೆ ಮೂರು ಮಕ್ಕಳು. ದೊಡ್ಡವಳು ಡಿಗ್ರಿಗೆ ಸೇರಿದ್ದು 2020ರಲ್ಲಿ, ಹಳೆಯ ಮೂರು ವರ್ಷದ ಪದ್ಧತಿಗೆ. 2021-22ರಲ್ಲಿ ರಾಜ್ಯ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ದೇಶದಲ್ಲೇ ಮೊದಲು ತಂದದ್ದು ಕರ್ನಾಟಕ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. 2022ರಲ್ಲಿ ಸೇರಿದ ಎರಡನೆಯ ಮಗ ಅದಕ್ಕೆ ಬಿದ್ದ. 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವಾಯಿತು. ಅದರ ಮಧ್ಯಂತರ ವರದಿ ನೋಡಿ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಚಿಕ್ಕ ಮಗಳು ಅದಕ್ಕೆ ಸೇರಿದಳು. ಒಂದೇ ಮನೆ, ಮೂರು ಮಕ್ಕಳು, ಮೂರು ಸಿಲಬಸ್ಸು!

‘ದೊಡ್ಡೋಳ ಪುಸ್ತಕ ತಂಗಿಗೆ ಆಯ್ತವೆ ಅಂತ ಅಟ್ಟದ ಮ್ಯಾಲೆ ಜೋಪಾನವಾಗಿ ಮಡಗಿದ್ದೆ. ಇವಾಗ ಬೋಂಡಾ ಕಟ್ಟಾಕೆ ಸರಿ’ ಎಂದು ಅಪ್ಪ ನಗುತ್ತಾರೆ. ನಗುವಿನ ಹಿಂದೆ ಖರ್ಚಿದೆ. ಹಳೇ ಪುಸ್ತಕದ ಅಂಗಡಿಯವರಿಗೂ ಇದೇ ಪೇಚು. ಈ ವರ್ಷ ಅರ್ಧ ಬೆಲೆಗೆ ಕೊಂಡ ಪುಸ್ತಕ ಮುಂದಿನ ವರ್ಷ ಯಾರೂ ಕೇಳದಿದ್ದರೆ ಅದು ತೂಕದ ರದ್ದಿ.

ಯಾವ ನೀತಿ ಒಳ್ಳೆಯದು ಎಂಬುದು ಬೇರೆ ಜಗಳ. ದೊಡ್ಡವರು ಮಾಡಿಕೊಳ್ಳಲಿ. ಆದರೆ ಪದ್ಧತಿ ಬದಲಾದಾಗ ಒಂದು ಪೇಪರ್ ಉಳಿಸಿಕೊಂಡವನ ಪಾಡು ಕೇಳಬೇಕು. ಅವನ ಸಿಲಬಸ್ಸನ್ನು ಕ್ಲಾಸಿನಲ್ಲಿ ಯಾರೂ ಪಾಠ ಮಾಡುತ್ತಿರುವುದಿಲ್ಲ. ಪುಸ್ತಕ ಅಂಗಡಿಯಲ್ಲಿಲ್ಲ, ನೋಟ್ಸು ಕೊಡಲು ಜೂನಿಯರ್‌ಗಳ ಹತ್ತಿರವೂ ಇಲ್ಲ. ಒಂದೆರಡು ಸಲ ಕಟ್ಟುತ್ತಾನೆ. ಆಮೇಲೆ ಗಾರ್ಮೆಂಟ್ಸ್ ಫ್ಯಾಕ್ಟರಿಯೋ ಮೊಬೈಲ್ ಅಂಗಡಿಯೋ. ಡಿಗ್ರಿ ಅರ್ಧಕ್ಕೆ ಖತಂ.

ಇನ್ನು ಭಾಷೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವರು ಬಿ.ಕಾಂ.ಗೆ ಬಂದರೆ ಪುಸ್ತಕವೆಲ್ಲ ಇಂಗ್ಲಿಷು. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿ.ಎ., ಬಿ.ಕಾಂ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಬರೆಯಲು ಬಿಟ್ಟರೆ ಸಾಲದು, ಓದಲು ಕನ್ನಡದಲ್ಲಿ ಒಳ್ಳೆಯ ಪುಸ್ತಕವೂ ಬೇಕಲ್ಲ? ಅದಿಲ್ಲದೆ ಗೈಡೇ ಗತಿ. ಸರ್ಕಾರಿ ಕಾಲೇಜುಗಳ ಪಾಠದ ಭಾರ ಬಹುಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಹಿಂದುಳಿದವರಿಗೆ ಕೈಹಿಡಿದು ಹೇಳಿಕೊಡಬೇಕಾದ ವಾರಗಳೇ ಅವು.

ದುಡ್ಡು ಬೇಡ, ಮನಸ್ಸು ಬೇಕು

ಎಲ್ಲಕ್ಕೂ ವಿಧಾನಸೌಧದ ಕಡೆ ಕೈ ತೋರಿಸಬೇಕಾಗಿಲ್ಲ. ಹುಡುಗರು ಯಾವ ಊರಿಂದ ಯಾವ ಬಸ್ಸಿಗೆ ಬರುತ್ತಾರೆ ಎಂಬುದನ್ನು ಅಡ್ಮಿಷನ್ ದಿನವೇ ಬರೆಸಿಕೊಂಡು, ಟೈಮ್ ಟೇಬಲ್ಲನ್ನು ಆಮೇಲೆ ಹಾಕಬಹುದು. ಮೊದಲ ಪೀರಿಯಡ್ಡನ್ನು ಆರು ದಿನ ಆರು ವಿಷಯಕ್ಕೆ ಹಂಚಿದರೆ, ತಡವಾಗಿ ಬರುವವರಿಗೆ ಪ್ರತಿ ವಿಷಯದಲ್ಲೂ ನಾಲ್ಕರಲ್ಲಿ ಮೂರು ಕ್ಲಾಸು ಸಿಕ್ಕುತ್ತದೆ. ಅಂದರೆ ಸರಿಯಾಗಿ ನೂರಕ್ಕೆ 75. ಆದರೆ ಒಂದು ದಿನ ಜ್ವರ ಬಂದರೂ ಗೆರೆಯಿಂದ ಕೆಳಕ್ಕೆ. ಅದಕ್ಕಿಂತ ಕಾಲೇಜನ್ನೇ ಹತ್ತು ಗಂಟೆಗೆ ಶುರು ಮಾಡುವುದು ಮೇಲು. ಇಲ್ಲವೇ ಪ್ರಿನ್ಸಿಪಾಲರು ಹುಡುಗರ ಪಟ್ಟಿ ಸಮೇತ ಡಿಪೋ ಮ್ಯಾನೇಜರಿಗೆ ಒಂದು ಕಾಗದ ಬರೆದು, ಬಸ್ಸನ್ನು ಮುಕ್ಕಾಲು ಗಂಟೆ ಮುಂಚೆ ಬಿಡಿಸಬಹುದು.

ಹಳೆ ಪದ್ಧತಿಯ ಪೇಪರ್ ಉಳಿಸಿಕೊಂಡವರಿಗೆ ವಾರಕ್ಕೊಂದು ಕ್ಲಾಸು, ಲೈಬ್ರರಿಯಲ್ಲಿ ಅವರ ಪುಸ್ತಕಕ್ಕೊಂದು ಬೀರು. ಇದಕ್ಕೇನು ಕೋಟಿ ಬೇಕೆ? ಓದಿನ ಜೊತೆ ಕೆಲಸವೂ ಸಂಬಳವೂ ಸಿಗುವ ಅಪ್ರೆಂಟಿಸ್ ಪದವಿಯನ್ನು 2024-25ರಲ್ಲಿ ರಾಜ್ಯದ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಶುರು ಮಾಡಿದರು. ಅಂಗಡಿ, ಗೋಡೌನು, ಬ್ಯಾಂಕಿನ ಕೆಲಸ ಕಲಿಸುವ ಇಂಥ ಪಾಠ ಊರಿನ ವ್ಯಾಪಾರಸ್ಥರಿಗೂ ಬೇಕಾದದ್ದೇ. ಸಿಲಬಸ್ ಮಾಡುವವರು ಎ.ಪಿ.ಎಂ.ಸಿ. ಯಾರ್ಡಿನವರನ್ನೂ ಒಂದು ಮಾತು ಕೇಳಿದರೆ ತಪ್ಪೇನು?

ಟೀ ಅಂಗಡಿಯವರ ಮಗಳು ಈಗ ಆ ಒಂದು ಪೇಪರಿಗಾಗಿ ಮುಂದಿನ ವರ್ಷದವರೆಗೆ ಕಾಯಬೇಕು. ಮದುವೆ ಮಾತು ಎತ್ತುವ ನೆಂಟರು ಆಗಲೇ ಮನೆಗೆ ಬಂದು ಹೋಗಿದ್ದಾರೆ. ‘ಓದ್ಲಿ ಅಂತ್ಲೇ ನಂಗೂ ಆಸೆ. ಬಸ್ಸಿಗೆ ಟೈಮ್ ಹೇಳಾಕೆ ನಮ್ಮಂಥೋರ ಕೈಲಾಯ್ತದಾ ಸ್ವಾಮಿ? ಕಾಲೇಜ್‌ನೋರು ಹೇಳ್ಬೇಕು’ ಎನ್ನುತ್ತಾರೆ ಅಪ್ಪ, ಲೋಟ ತೊಳೆಯುತ್ತಾ.

ಹಾಲ್ ಟಿಕೆಟ್ ತಪ್ಪಿದ ಮೇಲೂ ಅವಳು ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವುದನ್ನು ಬಿಟ್ಟಿಲ್ಲ. ಬಸ್ಸು ಮಾತ್ರ ಇನ್ನೂ ಒಂಬತ್ತು ದಾಟಿದ ಮೇಲೇ ಬರುತ್ತಿದೆ. ಸಂಬಂಧಪಟ್ಟವರು ಒಂದು ದಿನ ಎಂಟೂವರೆಗೆ ಅಲ್ಲಿ ಬಂದು ನಿಂತು ನೋಡುವರೇ?