ಇದು ರೇಸೋ, ಮೆರವಣಿಗೆಯೋ? ಮೊನಾಕೊ ಬೀದಿ ಓಟ ಅಭಿಮಾನಿಗಳಿಗೆ ಬೇಸರ ತರಿಸೋದು ಇದಕ್ಕೇ

ಕೊಪ್ಪ: ಮೊನಾಕೊ ಫಾರ್ಮುಲಾ ಒನ್ ರೇಸ್ ಮುಗಿಯುತ್ತಿದ್ದಂತೆ ಅಭಿಮಾನಿಗಳಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: ಓವರ್‌ಟೇಕೇ ಇಲ್ಲ! ನಮ್ಮ ಸಮಯ ಭಾನುವಾರ ಸಂಜೆ 6.30ಕ್ಕೆ ಟಿವಿ ಮುಂದೆ ಕೂತರೆ, ಸಾಲಾಗಿ ಹೊರಟ ಕಾರುಗಳು ಹೆಚ್ಚುಕಮ್ಮಿ ಅದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಜಗತ್ತಿನ ಅತಿ ವೇಗದ ಕಾರುಗಳಿದ್ದೂ ಹೀಗಾಗೋದು ಯಾಕೆ?

ರಸ್ತೆ ಅಷ್ಟೇ, ಕಾರು ದೊಡ್ಡದು

ಮೊನಾಕೊದಲ್ಲಿ ಓಟ ನಡೆಯೋದು ಊರಿನ ಬೀದಿಯಲ್ಲೇ. ಒಂದು ಸುತ್ತು 3.337 ಕಿ.ಮೀ., ಒಟ್ಟು 78 ಸುತ್ತು. ಇಲ್ಲಿ ಮೊದಲ ರೇಸ್ ನಡೆದಿದ್ದು 1929ರಲ್ಲಿ. ಆಗಿನ ಕಾರುಗಳು ಚಿಕ್ಕವು. 2025ರಲ್ಲಿ ಓಡಿದ ಕಾರು ಸುಮಾರು ಐದೂವರೆ ಮೀಟರ್ ಉದ್ದ, 2 ಮೀಟರ್ ಅಗಲ. ನಮ್ಮಲ್ಲಿ ಓಡಾಡುವ ಆಲ್ಟೊ ಉದ್ದ ಮೂರೂವರೆ ಮೀಟರ್ ಅಷ್ಟೇ. ರಸ್ತೆಯ ಎರಡೂ ಬದಿ ಕಬ್ಬಿಣದ ತಡೆಗೋಡೆ.

ಆಗುಂಬೆ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಗಾಡಿ ಎಷ್ಟೇ ಜೋರಿದ್ದರೂ, ಮುಂದಿನವನು ಸೈಡ್ ಕೊಡದಿದ್ದರೆ ತಿರುವಿನಲ್ಲಿ ಮುಂದೆ ಹೋಗೋಕೆ ಆಗಲ್ಲ. ಹಾಗಾಗಿ ಶನಿವಾರದ ಅರ್ಹತಾ ಸುತ್ತಿನಲ್ಲೇ ಭಾನುವಾರದ ಫಲಿತಾಂಶ ಬಹುತೇಕ ತೀರ್ಮಾನವಾಗಿರುತ್ತದೆ.

ನಿಯಮ ಬದಲಾದರೂ ಓಟ ಬದಲಾಗಲಿಲ್ಲ

2024ರಲ್ಲಿ ಮೊದಲ ಸುತ್ತಿನಲ್ಲೇ ಅಪಘಾತವಾಗಿ ರೇಸ್ ನಿಂತಿತು. ಆ ಬಿಡುವಿನಲ್ಲೇ ಟೈರ್ ಬದಲಿಸಿಕೊಂಡ ಮುಂಚೂಣಿಯವರು ಮತ್ತೆ ನಿಲ್ಲಿಸುವ ಅಗತ್ಯ ಬೀಳಲಿಲ್ಲ. ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು.

ಟೀಕೆ ಜೋರಾದ ಮೇಲೆ 2025ರಲ್ಲಿ ಪ್ರತಿಯೊಬ್ಬರೂ ಕನಿಷ್ಠ ಮೂರು ಸೆಟ್ ಟೈರ್ ಬಳಸಬೇಕೆಂಬ ನಿಯಮ ತಂದರು. ಅಂದರೆ ಎರಡು ಸಲ ಕಾರು ನಿಲ್ಲಿಸಲೇಬೇಕು. ಮೇ 25ರ ಓಟದಲ್ಲಿ ಆಗಿದ್ದೇ ಬೇರೆ. ರೇಸಿಂಗ್ ಬುಲ್ಸ್ ಮತ್ತು ವಿಲಿಯಮ್ಸ್ ತಂಡಗಳಲ್ಲಿ ಒಬ್ಬ ಚಾಲಕ ಬೇಕಂತಲೇ ನಿಧಾನ ಓಡಿಸಿ ಹಿಂದಿನವರನ್ನು ತಡೆದ. ಆ ಸಮಯದಲ್ಲಿ ಜೊತೆಗಾರ ಟೈರ್ ಬದಲಿಸಿ ಬಂದ. ತಾಳ್ಮೆ ಕೆಟ್ಟ ಜಾರ್ಜ್ ರಸೆಲ್ ತಿರುವನ್ನೇ ಬಿಟ್ಟು ಅಡ್ಡದಾರಿಯಲ್ಲಿ ಮುಂದೆ ಹೋಗಿ ದಂಡ ತೆತ್ತರು. ವಿಡಿಯೊ ಗೇಮ್‌ನ ಹಾಗೆ ಬಾಳೆಹಣ್ಣು ಎಸೆಯೋದೊಂದು ಬಾಕಿ ಎಂಬರ್ಥದಲ್ಲಿ ಮ್ಯಾಕ್ಸ್ ವೆರ್‌ಸ್ಟಾಪೆನ್ ಲೇವಡಿ ಮಾಡಿದರು. ಗೆದ್ದಿದ್ದು ಮೊದಲ ಸ್ಥಾನದಿಂದ ಹೊರಟ ಲ್ಯಾಂಡೊ ನಾರಿಸ್.

ಆದರೂ ಈ ರೇಸ್ ಬೇಕು ಅನ್ನುವವರೂ ಇದ್ದಾರೆ. ಗೋಡೆಗೆ ಕೂದಲೆಳೆ ಅಂತರದಲ್ಲಿ ಕಾರು ಓಡಿಸುವ ಶನಿವಾರದ ಸುತ್ತು ಅವರಿಗೆ ಹಬ್ಬ. 2024ರಲ್ಲಿ ಅದೇ ಊರಿನ ಶಾರ್ಲ್ ಲೆಕ್ಲೇರ್ ಗೆದ್ದಾಗ, 1931ರ ನಂತರ ಮೊದಲ ಸಲ ಮೊನಾಕೊದವನಿಗೆ ಗೆಲುವು ಸಿಕ್ಕಿತ್ತು. ಅದನ್ನು ಬೇಸರ ಅಂದವರು ಕಮ್ಮಿ.

ನಮ್ಮ ಜಿಲ್ಲೆಯ ರ‍್ಯಾಲಿ ಬೇರೆ

ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳೂ ಕಿರಿದೇ. ಆದರೆ ರ‍್ಯಾಲಿಯಲ್ಲಿ ಕಾರುಗಳನ್ನು ಅಂತರ ಬಿಟ್ಟು ಒಂದೊಂದಾಗಿ ಕಳಿಸುತ್ತಾರೆ. ಸ್ಪರ್ಧೆ ಗಡಿಯಾರದ ಜೊತೆ, ಓವರ್‌ಟೇಕ್ ಬೇಕಾಗಿಲ್ಲ. ಪಕ್ಕದಲ್ಲಿ ಕೂತ ಸಹಚಾಲಕ ಮುಂದಿನ ತಿರುವನ್ನು ಓದಿ ಹೇಳುತ್ತಾನೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಇಲ್ಲೇ ನಡೆದಿತ್ತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್.

ಬೀದಿ ಮುಚ್ಚಿದ ಲೆಕ್ಕ

ಊರೊಳಗಿನ ರೇಸ್ ನಮ್ಮ ದೇಶಕ್ಕೂ ಬಂದಿದೆ. ಹೈದರಾಬಾದ್‌ನಲ್ಲಿ 2023ರ ಫೆಬ್ರುವರಿ 11ರಂದು ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ನಡೆದಾಗ ಹುಸೇನ್ ಸಾಗರದ ಸುತ್ತ ರಸ್ತೆ ಮುಚ್ಚಿ ಜನ ಪರದಾಡಿದರು. ಮರುವರ್ಷದ ಓಟ ರದ್ದಾಯಿತು. ಚೆನ್ನೈನಲ್ಲಿ 2024ರಲ್ಲಿ ರಾತ್ರಿ ರೇಸ್ ನಡೆಯಿತು.

ರಸ್ತೆ ಮುಚ್ಚಿದರೆ ಅಂಗಡಿಯವರು ವ್ಯಾಪಾರ ಬಿಡಬೇಕು, ಜನ ಸುತ್ತಿ ಹೋಗಬೇಕು. ಓಟ ಚೆನ್ನಾಗಿದ್ದರೆ ನೋಡುಗರು ಮರುವರ್ಷವೂ ಬರುತ್ತಾರೆ, ಹೋಟೆಲ್–ಲಾಡ್ಜಿಗೆ ನಾಲ್ಕು ಕಾಸು ಸಿಗುತ್ತದೆ. ಸಪ್ಪೆಯಾದರೆ ಅದೂ ಇಲ್ಲ. ರಸ್ತೆಯ ಅಗಲ, ಕಾರಿನ ಅಳತೆ ಎರಡೂ ಹೊಂದದಿದ್ದರೆ ಬರೀ ನಿಯಮ ತಿದ್ದಿ ಪ್ರಯೋಜನವಿಲ್ಲ ಅನ್ನೋದಕ್ಕೆ ಮೊನಾಕೊದ ಈ ಎರಡು ವರ್ಷಗಳೇ ಸಾಕ್ಷಿ.