ಹುತ್ತದ ಮೇಲಿನ ಕೊಡೆ

ಮುಂಗಾರು ಮಳೆಗೆ ನೆಲ ನೆನೆಯಿತೆಂದರೆ ಗೋವಾದ ಮಾರುಕಟ್ಟೆಗಳಲ್ಲಿ ಎಲೆಯಲ್ಲಿ ಸುತ್ತಿಟ್ಟ ಅಣಬೆಗಳು ಕಾಣಿಸಿಕೊಳ್ಳುತ್ತವೆ. ಕೊಂಕಣಿಯಲ್ಲಿ ಇವಕ್ಕೆ 'ಅಳಮಿ' ಎನ್ನುತ್ತಾರೆ. ಎಣಿಸಿ ಕೊಡುವ ಇವುಗಳ ಬೆಲೆ ಬಲು ದುಬಾರಿ. ವಾಸ್ಕೋದ ಮಂಗೋರ್ ಹಿಲ್, ಬೈನಾ ಭಾಗಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೂ ಅಣಬೆ ಹೊಸದೇನಲ್ಲ. ಊರಿನಲ್ಲಿ ನಾಯಿಕೊಡೆ ಎಂದು ಕರೆಯುತ್ತಿದ್ದುದು ಇದರ ಬಳಗವನ್ನೇ. ಆದರೆ ಈ ಅಣಬೆ ನಿಜವಾಗಿ ಏನು?

ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ

ಅಣಬೆ ಶಿಲೀಂಧ್ರಗಳ ಜಾತಿಗೆ ಸೇರಿದ್ದು. ಇದರಲ್ಲಿ ಪತ್ರಹರಿತ್ತು ಇಲ್ಲ. ಆದ್ದರಿಂದ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳಲಾರದು. ಇದರ ಜೀವಕೋಶದ ಗೋಡೆಯಲ್ಲಿ ಇರುವುದು ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್. 1969ರಲ್ಲಿ ವಿಜ್ಞಾನಿ ರಾಬರ್ಟ್ ವಿಟೇಕರ್ ತಮ್ಮ ಐದು ಸಾಮ್ರಾಜ್ಯಗಳ ವಿಂಗಡಣೆಯಲ್ಲಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟರು.

ನಮ್ಮ ಕಣ್ಣಿಗೆ ಬೀಳುವ ಕೊಡೆ ಮಾವಿನ ಮರದ ಹಣ್ಣಿದ್ದಂತೆ. ಮರವೇ ಆದ ಭಾಗ ನೆಲದೊಳಗೆ ಬಿಳಿ ನೂಲಿನ ಬಲೆಯಾಗಿ ಹರಡಿರುತ್ತದೆ. ಹೊಂದುವ ಎರಡು ನೂಲುಗಳು ಕೂಡಿದ ಮೇಲೆ ಕಾಲ ಬಂದಾಗ ಕೊಡೆ ಏಳುತ್ತದೆ. ಕೊಡೆಯ ಕೆಳಗಿನ ತೆಳು ಪದರಗಳಿಂದ ಲಕ್ಷಾಂತರ ಬೀಜಕಣಗಳು ಉದುರಿ ಗಾಳಿಯಲ್ಲಿ ತೇಲಿಹೋಗುತ್ತವೆ.

ಗೆದ್ದಲು ಬೆಳೆಸುವ ತೋಟ

ಗೋವಾದಲ್ಲಿ ಹೆಸರುವಾಸಿಯಾದ ಅಳಮಿ ಹುತ್ತದಲ್ಲಿ ಹುಟ್ಟುವಂಥದು. ಇದರ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ಗೆದ್ದಲು ಒಣ ಎಲೆ, ಕಟ್ಟಿಗೆಗಳನ್ನು ಅಗಿದು ಹುತ್ತದೊಳಗೆ ಒಂದು ತೋಟವನ್ನೇ ಮಾಡುತ್ತದೆ. ಅಲ್ಲಿ ಬೆಳೆಯುವ ಶಿಲೀಂಧ್ರ ಗಟ್ಟಿ ನಾರನ್ನು ಕರಗಿಸಿ ಗೆದ್ದಲಿಗೆ ಆಹಾರ ಒದಗಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬಾಳದು. ಮನುಷ್ಯರು ಈ ಅಣಬೆಯನ್ನು ಹೊಲದಲ್ಲಿ ಬೆಳೆಯಲು ಇನ್ನೂ ಶಕ್ತರಾಗಿಲ್ಲ.

ಹೊಸ ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಹೆಚ್ಚಿನವು ತಮ್ಮ ತೋಟದ ಬೀಜಕಣಗಳನ್ನು ಹೊರಗಿನಿಂದಲೇ ತರಬೇಕು. ಅರಳದ ಮೊಗ್ಗುಗಳನ್ನೆಲ್ಲ ನಾವು ಕಿತ್ತರೆ ಬೀಜಕಣ ಬೀಳುವುದೆಲ್ಲಿ? ಗೋವಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಡಾ. ನಂದಕುಮಾರ್ ಕಾಮತ್ ಈ ಅಣಬೆಗಳನ್ನು ಉಳಿಸಬೇಕೆಂದು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ.

ಕಾಣದ ಸೇವಕರು

ಉದುರಿದ ಎಲೆ, ಬಿದ್ದ ಮರ ಮಣ್ಣಾಗುವುದು ಶಿಲೀಂಧ್ರಗಳಿಂದ. ನೆಲದ ಮೇಲಿನ ಬಹುಪಾಲು ಸಸ್ಯಗಳ ಬೇರುಗಳಿಗೆ ಅವು ನೀರನ್ನೂ ರಂಜಕವನ್ನೂ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ಗೋವಾದ ಪೊದೇರರು ಹಿಂದೆ ಪಾವಿನ ಹಿಟ್ಟಿಗೆ ತೆಂಗಿನ ಸುರ ಬೆರೆಸುತ್ತಿದ್ದರು. ಹಿಟ್ಟನ್ನು ಉಬ್ಬಿಸಿದ್ದು ಅದರಲ್ಲಿದ್ದ ಯೀಸ್ಟ್. ಅದೂ ಶಿಲೀಂಧ್ರವೇ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದೂ ಒಂದು ಬೂಷ್ಟಿನಿಂದ.

ತಾಯಂದಿರ ಗಮನಕ್ಕೆ

ಊರಿನ ಅಣಬೆಯಂತೆ ಕಂಡದ್ದೆಲ್ಲ ಊರಿನ ಅಣಬೆಯಲ್ಲ. ಕೆಲವು ವಿಷದ ಅಣಬೆಗಳು ನೋಡಲು ಅಚ್ಚ ಬಿಳುಪು. ಬೇಯಿಸಿದರೂ ಅವುಗಳ ವಿಷ ಹೋಗದು. ಬೆಳ್ಳಿಯ ನಾಣ್ಯ ಹಾಕಿ ಪರೀಕ್ಷಿಸುವುದು ಬರೀ ನಂಬಿಕೆ. ಅತಿ ಘೋರವಾದ ವಿಷ ಆರು ಗಂಟೆಗಳ ನಂತರವೇ ವಾಂತಿ ಭೇದಿಯಾಗಿ ಕಾಣಿಸಿಕೊಳ್ಳುತ್ತದೆ. ಬಳಿಕ ಗುಣವಾದಂತೆ ತೋರಿ, ಒಳಗೇ ಯಕೃತ್ತನ್ನು ಕೆಡಿಸುತ್ತದೆ. ಆದ್ದರಿಂದ ಅಣಬೆ ತಿಂದವರಿಗೆ ವಾಂತಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ, ಉಳಿದ ಅಣಬೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ಗುರುತು ಗಟ್ಟಿಯಾಗಿ ತಿಳಿಯದ ಅಣಬೆಯನ್ನು ಮಕ್ಕಳು ಗುಡ್ಡದಿಂದ ತಂದರೆ ಒಲೆಗೆ ಏರಿಸದಿರೋಣ. ಗುರುತು ಬಲ್ಲವರು ಕೀಳುವಾಗಲೂ ಪ್ರತಿ ಹುತ್ತದಲ್ಲಿ ಕೆಲವನ್ನು ಅರಳಲು ಬಿಡೋಣ. ಮುಂದಿನ ಮಳೆಗಾಲದ ಪಾಲು ಅದರಲ್ಲಿದೆ.