ಸೋತವರಿಗೆ ಮೊದಲ ಆಯ್ಕೆ

2007ರ ಮೇ 22ರಂದು ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರಕ್ಕೆ ಅಕ್ಷರಶಃ ಲಾಟರಿ ಹೊಡೆಯಿತು. ಆ ಸಾಲಿನಲ್ಲಿ 82 ಪಂದ್ಯಗಳ ಪೈಕಿ 50 ಸೋತಿದ್ದ ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ಟ್ರೇಲ್ ಬ್ಲೇಜರ್ಸ್‌ಗೆ, ಎನ್‌ಬಿಎ ಸೇರಲು ಬಂದ ಹೊಸ ಹುಡುಗರಲ್ಲಿ ಎಲ್ಲರಿಗಿಂತ ಮೊದಲು ಒಬ್ಬನನ್ನು ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ಆ ಹಕ್ಕು ಅದಕ್ಕೇ ಸಿಗುವ ಸಾಧ್ಯತೆ ಇದ್ದದ್ದು ಶೇ 5.3 ಮಾತ್ರ. ಆಯ್ಕೆಯ ದಿನ, ಅಂದರೆ ಡ್ರಾಫ್ಟ್, ಜೂನ್ 28ಕ್ಕೆ ನಿಗದಿಯಾಗಿತ್ತು. ನಡುವಿನ ಐದು ವಾರ ಬ್ಲೇಜರ್ಸ್ ಅಭಿಮಾನಿಗಳ ಬಾಯಲ್ಲಿ ಒಂದೇ ಪ್ರಶ್ನೆ: ಗ್ರೆಗ್ ಓಡನ್ ಬೇಕೋ, ಕೆವಿನ್ ಡುರಾಂಟ್ ಬೇಕೋ?

ಇಬ್ಬರೂ ಇಪ್ಪತ್ತು ದಾಟದ ಹುಡುಗರು. ಕಾಲೇಜಿನಲ್ಲಿ ಆಡಿದ್ದು ಒಂದೊಂದೇ ವರ್ಷ. ಏಳಡಿ ಎತ್ತರದ ಓಡನ್, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದಿದ್ದ. ಅಲ್ಲಿ ತಂಡ ಸೋತರೂ ಅವನೊಬ್ಬನೇ 25 ಅಂಕ ಗಳಿಸಿ, 12 ರೀಬೌಂಡ್ ಹಿಡಿದಿದ್ದ. ಡುರಾಂಟ್ ಟೆಕ್ಸಸ್ ವಿಶ್ವವಿದ್ಯಾಲಯದವನು, ಕಡ್ಡಿಯಂಥ ಮೈಕಟ್ಟು. ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ದೇಶದ ಶ್ರೇಷ್ಠ ಕಾಲೇಜು ಆಟಗಾರನೆಂಬ ನೈಸ್ಮಿತ್ ಪ್ರಶಸ್ತಿ ಗೆದ್ದವರಲ್ಲಿ ಅವನೇ ಮೊದಲಿಗ. ಆದರೆ ಡ್ರಾಫ್ಟ್‌ಗೆ ಮುಂಚಿನ ದೇಹಪರೀಕ್ಷೆಯಲ್ಲಿ 185 ಪೌಂಡ್, ಅಂದರೆ ಸುಮಾರು 84 ಕಿಲೋ ಭಾರವನ್ನು ಮಲಗಿ ಎತ್ತಲು ಹೇಳಿದಾಗ ಒಂದು ಸಲವೂ ಎತ್ತಲಾಗಲಿಲ್ಲ. ಒಂದು ಪಕ್ಷ ಏಳಡಿಯನ್ನು ತೋರಿಸಿತು, ಇನ್ನೊಂದು ಪಕ್ಷ ಅಂಕಗಳನ್ನು ತೋರಿಸಿತು.

ಸೋತ ತಂಡದ ಅಭಿಮಾನಿಗೆ ಇಂಥದೊಂದು ವಾದದ ಅವಕಾಶ ದಕ್ಕಿದ್ದು ಹೇಗೆ? ಅದು ತಿಳಿಯಬೇಕಾದರೆ ಆ ಬೇಸಿಗೆಗಿಂತ ಏಳು ದಶಕ ಹಿಂದಕ್ಕೆ ಹೋಗಬೇಕು.

ಮಾಲೀಕರ ಲೆಕ್ಕಾಚಾರ

ಐಪಿಎಲ್ ಹರಾಜು ನೋಡಿದ ನಮಗೆ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಎಂಬುದು ಸಹಜ ಅನ್ನಿಸುತ್ತದೆ. ಡ್ರಾಫ್ಟ್‌ನಲ್ಲಿ ಕೂಗಾಟವಿಲ್ಲ, ಸರದಿಯಿದೆ. ಹಿಂದಿನ ವರ್ಷ ಹೆಚ್ಚು ಸೋತವರು ಮುಂದೆ, ಗೆದ್ದವರು ಹಿಂದೆ. ಇದು ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್‌ನಲ್ಲಲ್ಲ, ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಅವರ ತಂಡ ಸೋಲುತ್ತಲೇ ಇತ್ತು. ಒಳ್ಳೆಯ ಹುಡುಗರೆಲ್ಲ ಹಣವಿದ್ದ, ಹೆಸರಿದ್ದ ತಂಡಗಳ ಪಾಲಾಗುತ್ತಿದ್ದರು. 1935ರಲ್ಲಿ ಬೆಲ್ ಈ ಸರದಿಯ ಸೂತ್ರವನ್ನು ಮುಂದಿಟ್ಟರು. 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು.

ದುರ್ಬಲರಿಗೆ ನ್ಯಾಯ ಎಂಬುದು ಅದರ ಒಂದು ಮುಖ. ಒಬ್ಬ ಆಟಗಾರನ ಜೊತೆ ಒಂದೇ ತಂಡ ಮಾತಾಡಬಹುದು ಎಂದಾದರೆ ಅವನ ಸಂಬಳ ಏರುವುದಿಲ್ಲ ಎಂಬುದು ಇನ್ನೊಂದು ಮುಖ. ಯಾವ ಊರಿನಲ್ಲಿ ಆಡಬೇಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಹುಡುಗನ ಕೈತಪ್ಪಿತು.

ಎನ್‌ಬಿಎಯ ಮೂಲರೂಪವಾದ ಬಿಎಎ ಲೀಗ್ 1947ರಲ್ಲಿ ಇದೇ ಸೂತ್ರವನ್ನು ತಂದುಕೊಂಡಿತು. ಮೊದಲ ಆಯ್ಕೆ ಪಿಟ್ಸ್‌ಬರ್ಗ್ ಐರನ್‌ಮೆನ್ ತಂಡದ್ದು, ಆಯ್ಕೆಯಾದವರು ಟೆಕ್ಸಸ್‌ನ ಕ್ಲಿಫ್ಟನ್ ಮೆಕ್‌ನೀಲಿ. ಅವರು ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಹೈಸ್ಕೂಲ್ ತಂಡಕ್ಕೆ ಕೋಚ್ ಆಗಿ ಹೋದರು. ಪಿಟ್ಸ್‌ಬರ್ಗ್ ತಂಡವೂ ಮುಂದಿನ ಸೀಸನ್‌ಗೆ ಮೊದಲೇ ಬಾಗಿಲು ಮುಚ್ಚಿತು. ಹೀಗೆ ಮೊದಲ ವರ್ಷದಲ್ಲೇ ಮೊದಲ ಆಯ್ಕೆ ಕೈಗೂಡಲಿಲ್ಲ.

ಊರ ಹುಡುಗನೋ, ಗೆಲುವೋ?

ಅಭಿಮಾನಿಗಳು ಈ ಆಯ್ಕೆಯೊಳಗೆ ದನಿಯೆತ್ತಿದ್ದು 1950ರಲ್ಲಿ, ಬಾಸ್ಟನ್‌ನಲ್ಲಿ. ನಗರಕ್ಕೆ ಹತ್ತಿರದ ವೂಸ್ಟರ್‌ನ ಹೋಲಿ ಕ್ರಾಸ್ ಕಾಲೇಜಿನ ಬಾಬ್ ಕೂಸಿ ಎಂದರೆ ಜನಕ್ಕೆ ಪ್ರಾಣ. ಚೆಂಡನ್ನು ಅವನು ಆಡಿಸುವ ಚಮತ್ಕಾರ ನೋಡಲೆಂದೇ ಕ್ರೀಡಾಂಗಣ ತುಂಬುತ್ತಿತ್ತು. ಬಾಸ್ಟನ್ ಸೆಲ್ಟಿಕ್ಸ್ ಬಳಿ ಮೊದಲ ಆಯ್ಕೆಯೇ ಇತ್ತು. ಪತ್ರಿಕೆಗಳೂ ಜನರೂ ಒಕ್ಕೊರಲಿನಿಂದ ಕೂಸಿ ಎಂದರು. ಹೊಸ ಕೋಚ್ ರೆಡ್ ಔರ್‌ಬ್ಯಾಕ್ ಒಪ್ಪಲಿಲ್ಲ. ತಾನು ಬಂದಿರುವುದು ಗೆಲ್ಲಲಿಕ್ಕೆ, ಊರವರನ್ನು ಮೆಚ್ಚಿಸಲಿಕ್ಕಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಎತ್ತರದ ಸೆಂಟರ್ ಆಟಗಾರ ಚಾರ್ಲಿ ಶೇರ್‌ರನ್ನು ಆರಿಸಿದರು.

ಕೂಸಿಯನ್ನು ಬೇರೊಂದು ತಂಡ ಆರಿಸಿ, ಶಿಕಾಗೊ ಸ್ಟ್ಯಾಗ್ಸ್‌ಗೆ ಕೊಟ್ಟಿತು. ಶಿಕಾಗೊ ತಂಡವೇ ಮುಚ್ಚಿಹೋಯಿತು. ಉಳಿದ ಮೂವರು ಆಟಗಾರರ ಹೆಸರನ್ನು ಚೀಟಿ ಬರೆದು ಟೋಪಿಯಲ್ಲಿ ಹಾಕಿ ಎತ್ತಿದಾಗ ಸೆಲ್ಟಿಕ್ಸ್ ಪಾಲಿಗೆ ಬಂದದ್ದು ಅದೇ ಕೂಸಿ! ಅವರು ಬಾಸ್ಟನ್‌ಗೆ ಆರು ಪ್ರಶಸ್ತಿ ಗೆದ್ದುಕೊಟ್ಟರು. ಊರವರ ಮಾತೇ ಸರಿಯಿತ್ತು. ಆದರೆ ಅದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಅದೇ ಸೆಲ್ಟಿಕ್ಸ್ ಚಕ್ ಕೂಪರ್ ಅವರನ್ನು ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಅವರು. ಕೂಸಿಯ ವಿಷಯದಲ್ಲಿ ಎಡವಿದ ತಂಡವೇ ಇಲ್ಲಿ ಇಡೀ ಲೀಗ್‌ಗೆ ದಾರಿ ತೋರಿಸಿತು.

ಊರಿನ ಅಭಿಮಾನಕ್ಕೆ ಆಗ ನಿಯಮದಲ್ಲೇ ಜಾಗವಿತ್ತು. ತನ್ನ ನಗರದಿಂದ 50 ಮೈಲಿಯೊಳಗಿನ ಆಟಗಾರನನ್ನು, ಮೊದಲ ಸುತ್ತಿನ ಸರದಿ ಬಿಟ್ಟುಕೊಟ್ಟು, ತಂಡವು ನೇರವಾಗಿ ಪಡೆಯಬಹುದಿತ್ತು. ವಿಲ್ಟ್ ಚೇಂಬರ್ಲಿನ್ ಫಿಲಡೆಲ್ಫಿಯಾಕ್ಕೆ, ಆಸ್ಕರ್ ರಾಬರ್ಟ್‌ಸನ್ ಸಿನ್ಸಿನಾಟಿಗೆ ಸಿಕ್ಕಿದ್ದು ಹೀಗೆ. 2008ರ ಮೊದಲ ಐಪಿಎಲ್‌ನಲ್ಲಿ ರಾಹುಲ್ ದ್ರಾವಿಡ್ ಬೆಂಗಳೂರಿಗೆ ‘ಐಕಾನ್’ ಆಟಗಾರನಾಗಿ ಬಂದದ್ದರ ಹಿಂದೆಯೂ ಇದೇ ಬಗೆಯ ಯೋಚನೆಯಿತ್ತು. ಅಮೆರಿಕದಲ್ಲಿ ಆ ನಿಯಮ 1965ಕ್ಕೆ ಕೊನೆಗೊಂಡಿತು.

ನಾಣ್ಯ, ಲಕೋಟೆ, ಚೆಂಡು

ಮುಂದಿನ ವರ್ಷದಿಂದ ಎರಡೂ ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮುವ ಪದ್ಧತಿ ಬಂತು. 1969ರಲ್ಲಿ ಆ ನಾಣ್ಯದ ಮೇಲೆ ಕೂತಿದ್ದವರು ಲೂ ಅಲ್ಸಿಂಡರ್, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಜಗತ್ತಿಗೆ ಪರಿಚಯವಾದ ಆಟಗಾರ. ಯಾರನ್ನು ಆರಿಸಬೇಕು ಎಂಬ ಬಗ್ಗೆ ಆಗ ಚರ್ಚೆಯೇ ಇರಲಿಲ್ಲ. ಹಾಗಾಗಿ ಫೀನಿಕ್ಸ್ ನಗರದಲ್ಲಿ ‘ಹೆಡ್ಸ್’ ಎನ್ನಬೇಕೋ ‘ಟೇಲ್ಸ್’ ಎನ್ನಬೇಕೋ ಎಂದು ಪತ್ರಿಕೆಯೊಂದು ಅಭಿಮಾನಿಗಳ ಮತ ಕೇಳಿತು. ಜನ ‘ಹೆಡ್ಸ್’ ಎಂದರು. ತಂಡ ಆ ಮತಕ್ಕೆ ತಲೆಬಾಗಿತು. ಬಿದ್ದದ್ದು ‘ಟೇಲ್ಸ್’. ಅಲ್ಸಿಂಡರ್ ಮಿಲ್ವಾಕಿಗೆ ಹೋದರು. 1971ರಲ್ಲಿ ಮಿಲ್ವಾಕಿ ಚಾಂಪಿಯನ್ ಆಯಿತು.

ನಾಣ್ಯದಲ್ಲಿ ಒಂದು ದೋಷವಿತ್ತು. ಕೊನೆಯ ಸ್ಥಾನಕ್ಕೆ ಇಳಿದರೆ ಮೊದಲ ಎರಡರಲ್ಲಿ ಒಂದು ಆಯ್ಕೆ ಖಚಿತ. 1984ರಲ್ಲಿ ಹ್ಯೂಸ್ಟನ್ ಬೇಕೆಂದೇ ಸೋತಿತು ಎಂಬ ಆರೋಪ ಜೋರಾದಾಗ ಲೀಗ್ ಲಾಟರಿಯ ಮೊರೆಹೋಯಿತು. 1985ರ ಮೇ 12ರಂದು ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಏಳು ಲಕೋಟೆಗಳನ್ನು ಗಾಜಿನ ಗೋಳದೊಳಗೆ ಹಾಕಿ, ಕಮಿಷನರ್ ಡೇವಿಡ್ ಸ್ಟರ್ನ್ ಟಿ.ವಿ. ಕ್ಯಾಮೆರಾಗಳ ಮುಂದೆ ಒಂದೊಂದಾಗಿ ಎತ್ತಿದರು. ಎಲ್ಲರಿಗೂ ಬೇಕಾಗಿದ್ದ ಪ್ಯಾಟ್ರಿಕ್ ಯೂಯಿಂಗ್ ನ್ಯೂಯಾರ್ಕ್ ನಿಕ್ಸ್ ಪಾಲಾದರು. ಆ ಲಕೋಟೆಯ ಮೂಲೆ ಮಡಚಿತ್ತು, ಅದನ್ನು ಮೊದಲೇ ತಣ್ಣಗೆ ಮಾಡಿಟ್ಟಿದ್ದರು ಎಂಬ ಗುಮಾನಿಗಳು ಇಂದಿಗೂ ಜೀವಂತ.

1990ರಲ್ಲಿ ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ ಎಂಬ ತೂಕ ಸೇರಿತು. 1993ರಲ್ಲಿ ಗೆಲುವು ಸೋಲು ಸಮ ಇದ್ದ ಆರ್ಲಾಂಡೊ ತಂಡವೇ 66 ಚೆಂಡುಗಳಲ್ಲಿನ ತನ್ನ ಒಂದೇ ಚೆಂಡಿನಿಂದ ಗೆದ್ದಾಗ ತೂಕ ಮತ್ತೆ ಬದಲಾಯಿತು. ಈಗ 14 ಚೆಂಡುಗಳಿಂದ ನಾಲ್ಕನ್ನು ಎತ್ತುತ್ತಾರೆ. ಆಗುವ 1,001 ಜೋಡಣೆಗಳಲ್ಲಿ 1,000ವನ್ನು ತಂಡಗಳಿಗೆ ಹಂಚಿರುತ್ತಾರೆ. ಬೇಕೆಂದೇ ಸೋಲುವ ಆಸೆ ಕಡಿಮೆಯಾಗಲೆಂದು 2019ರಿಂದ ಅತಿ ಕೆಳಗಿನ ಮೂರು ತಂಡಗಳಿಗೂ ಶೇ 14ರಂತೆ ಸಮಾನ ಅವಕಾಶ. 2025ರಲ್ಲಿ ಶೇ 1.8 ಸಾಧ್ಯತೆಯಿದ್ದ ಡಲ್ಲಾಸ್ ಗೆದ್ದು ಕೂಪರ್ ಫ್ಲ್ಯಾಗ್‌ರನ್ನು ಪಡೆಯಿತು.

ಲಾಟರಿ ಬಂದ ಮೇಲೆ ಅಭಿಮಾನಿಯ ಕ್ಯಾಲೆಂಡರ್ ಬದಲಾಯಿತು. ಮೇನಲ್ಲಿ ಅದೃಷ್ಟ, ಜೂನ್‌ನಲ್ಲಿ ಆಯ್ಕೆ, ನಡುವೆ ವಾದ. 1980ರಿಂದ ಡ್ರಾಫ್ಟ್ ಟಿ.ವಿ.ಯಲ್ಲಿ ಬರತೊಡಗಿತ್ತು. 1995ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಿದ್ದಾಗ ವಾದದ ಬೆಲೆ ಇನ್ನಷ್ಟು ಏರಿತು. ಸರಿಯಾದ ಹುಡುಗ ಸಿಕ್ಕರೆ ಮೊದಲ ಕೆಲವು ವರ್ಷ ಕಡಿಮೆ ಖರ್ಚಿನಲ್ಲಿ ತಾರೆಯೊಬ್ಬ ತಂಡದಲ್ಲಿರುತ್ತಾನೆ. ಉಳಿದ ಹಣದಲ್ಲಿ ಸುತ್ತ ತಂಡ ಕಟ್ಟಬಹುದು.

ಎತ್ತರದ ಮೇಲಿನ ನಂಬಿಕೆ

ಪೋರ್ಟ್‌ಲ್ಯಾಂಡ್‌ಗೆ ಮತ್ತೆ ಬರೋಣ. 2007ರ ವಾದ ಅಲ್ಲಿ ಅಷ್ಟು ಕಾವೇರಿದ್ದಕ್ಕೆ ಹಳೆಯ ಗಾಯಗಳೇ ಕಾರಣ. 1970ರಲ್ಲಿ ಹುಟ್ಟಿದ ತಂಡಕ್ಕೆ 1972ರಲ್ಲೇ ಮೊದಲ ಆಯ್ಕೆ ಸಿಕ್ಕಿತು. ಸೆಂಟರ್ ಲರೂ ಮಾರ್ಟಿನ್‌ರನ್ನು ಆರಿಸಿದರು. ಅವರ ಎನ್‌ಬಿಎ ಬದುಕು ನಾಲ್ಕು ಸೀಸನ್‌ಗಳಿಗೆ ಮುಗಿಯಿತು. ಎರಡನೆಯವರಾಗಿ ಬಫಲೊಗೆ ಹೋದ ಬಾಬ್ ಮ್ಯಾಕಡೂ 1975ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು.

1974ರಲ್ಲಿ ಮತ್ತೆ ಮೊದಲ ಆಯ್ಕೆ, ಮತ್ತೆ ಸೆಂಟರ್: ಬಿಲ್ ವಾಲ್ಟನ್. ಈ ಸಲ ನಂಬಿಕೆ ಫಲಿಸಿತು. 1977ರಲ್ಲಿ ಬ್ಲೇಜರ್ಸ್ ಚಾಂಪಿಯನ್ ಆಯಿತು. ಇಂದಿಗೂ ಅದೊಂದೇ ಅವರ ಕಿರೀಟ. ಆದರೆ ಮರುವರ್ಷವೇ ವಾಲ್ಟನ್ ಪಾದದ ಮೂಳೆ ಮುರಿದು, ಒಂದು ಸಾಮ್ರಾಜ್ಯ ಕಟ್ಟುವ ಮುನ್ನವೇ ಕುಸಿಯಿತು. ಎತ್ತರವನ್ನು ಯಾರೂ ಕಲಿಸಲಾಗದು ಎಂಬ ಕೋಚ್‌ಗಳ ನಾಣ್ಣುಡಿ ಮಾತ್ರ ಆ ಊರಿನಲ್ಲಿ ಗಟ್ಟಿಯಾಗಿ ಉಳಿಯಿತು. ಏಳಡಿಯ ಒಬ್ಬ ಮನುಷ್ಯ ಪ್ರಶಸ್ತಿ ತಂದುಕೊಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರಲ್ಲ!

ಈ ಹಿನ್ನೆಲೆಯಲ್ಲಿ 1984ನ್ನು ನೋಡಬೇಕು. ಹ್ಯೂಸ್ಟನ್ ಮೊದಲು ಹಕೀಮ್ ಒಲಾಜುವಾನ್‌ರನ್ನು ಆರಿಸಿತು. ಎರಡನೇ ಸರದಿ ಪೋರ್ಟ್‌ಲ್ಯಾಂಡ್‌ನದು. ತಂಡದಲ್ಲಿ ಒಳ್ಳೆಯ ಗಾರ್ಡ್ ಜಿಮ್ ಪ್ಯಾಕ್ಸನ್ ಇದ್ದರು, ಹಿಂದಿನ ವರ್ಷವಷ್ಟೇ ಕ್ಲೈಡ್ ಡ್ರೆಕ್ಸ್ಲರ್ ಬಂದಿದ್ದರು. ಇಲ್ಲದ್ದು ಸೆಂಟರ್. ಹಾಗಾಗಿ ಕೆಂಟಕಿಯ ಸ್ಯಾಮ್ ಬೋವಿಯನ್ನು ತೆಗೆದುಕೊಂಡರು. ಮೊಣಕಾಲಿನ ಕೆಳಗಿನ ಮೂಳೆ ಬಿರುಕುಬಿಟ್ಟು ಎರಡು ಸೀಸನ್ ಹೊರಗಿದ್ದ ಹುಡುಗ ಅವರು. ಮೂರನೆಯವರಾಗಿ ಶಿಕಾಗೊ ಆರಿಸಿದ್ದು ಮೈಕೆಲ್ ಜೋರ್ಡಾನ್‌ರನ್ನು.

ಬೋವಿ ಪೋರ್ಟ್‌ಲ್ಯಾಂಡ್‌ಗಾಗಿ ಐದು ಸೀಸನ್‌ಗಳಲ್ಲಿ ಆಡಲಾದದ್ದು 139 ಪಂದ್ಯ. ಜೋರ್ಡಾನ್ ಆರು ಪ್ರಶಸ್ತಿ ಗೆದ್ದರು. ಅದರಲ್ಲಿ 1992ರ ಫೈನಲ್‌ನಲ್ಲಿ ಸೋತದ್ದು ಇದೇ ಬ್ಲೇಜರ್ಸ್. ತಂಡದ ವೈದ್ಯರು ಕಾಲನ್ನು ತಟ್ಟಿ ನೋಡಿದಾಗ ನೋವಿದ್ದರೂ ಇಲ್ಲವೆಂದೆ ಎಂದು ಬೋವಿ ಹಲವು ವರ್ಷಗಳ ಬಳಿಕ ಸಾಕ್ಷ್ಯಚಿತ್ರವೊಂದರಲ್ಲಿ ಹೇಳಿಕೊಂಡರು. ಮನೆಯವರ ಬದುಕು ತನ್ನ ಕಾಲಿನ ಮೇಲೆ ನಿಂತಿದೆ ಎಂದುಕೊಂಡ ಯುವಕ ಬೇರೇನು ಹೇಳಿಯಾನು?

ಐದು ವಾರಗಳ ತೀರ್ಪು

2007ರಲ್ಲಿ ಪೋರ್ಟ್‌ಲ್ಯಾಂಡ್ ಓಡನ್‌ರನ್ನು ಆರಿಸಿತು. ಆ ಹೊತ್ತಿಗೆ ಬಹುತೇಕ ತಂಡಗಳೂ ಅದನ್ನೇ ಮಾಡುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ಓಡನ್ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಮೊದಲ ಸೀಸನ್ ಪೂರ್ತಿ ಹೋಯಿತು. ಮುಂದೆ ಮಂಡಿಚಿಪ್ಪು ಮುರಿಯಿತು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗಳಾದವು. ಬ್ಲೇಜರ್ಸ್‌ಗಾಗಿ ಅವರು ಆಡಿದ್ದು ಒಟ್ಟು 82 ಪಂದ್ಯ, ಅಂದರೆ ಒಂದೇ ಒಂದು ಸೀಸನ್‌ನಷ್ಟು. ಭಾರ ಎತ್ತಲಾಗದ ಡುರಾಂಟ್ 2014ರಲ್ಲಿ ಅತ್ಯಮೂಲ್ಯ ಆಟಗಾರರಾದರು, ಎರಡು ಪ್ರಶಸ್ತಿ ಗೆದ್ದರು.

ಹಾಗಾದರೆ ಡುರಾಂಟ್ ಪಕ್ಷದವರು ಗೆದ್ದರೇ? ಡುರಾಂಟ್‌ರನ್ನು ಪಡೆದ ಸಿಯಾಟಲ್ ನಗರ ಮರುವರ್ಷವೇ ತಂಡವನ್ನು ಕಳೆದುಕೊಂಡಿತು. ತಂಡ ಒಕ್ಲಹೋಮ ಸಿಟಿಗೆ ಹೋಯಿತು, ಆಟಗಾರನೂ ಹೋದ. ಅದೇ ಲಾಟರಿಯಲ್ಲಿ ಐದನೇ ಸ್ಥಾನಕ್ಕೆ ಜಾರಿದ ಬಾಸ್ಟನ್ ಆ ಆಯ್ಕೆಯನ್ನು ಕೊಟ್ಟು ರೇ ಆಲನ್‌ರನ್ನು ತಂದಿತು, ಕೆವಿನ್ ಗಾರ್ನೆಟ್‌ರನ್ನೂ ಸೇರಿಸಿಕೊಂಡಿತು, 2008ರಲ್ಲಿ ಚಾಂಪಿಯನ್ ಆಯಿತು. ಪೋರ್ಟ್‌ಲ್ಯಾಂಡ್‌ಗೆ ಕೊನೆಗೆ ಮನೆಮಗನಾಗಿ ಬಂದವರು ಡೇಮಿಯನ್ ಲಿಲ್ಲಾರ್ಡ್. ಯೂಟಾದ ಪುಟ್ಟ ವೀಬರ್ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗ, 2012ರ ಆರನೇ ಆಯ್ಕೆ. ಮುಂದೆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವರು ಅವರೇ.

ಹೀಗೆ ಹುಸಿಹೋಗುವುದು ಅಭಿಮಾನಿಗಳ ಅಂದಾಜು ಮಾತ್ರವಲ್ಲ, ಸಂಬಳ ಪಡೆದು ಅಂದಾಜು ಮಾಡುವವರದೂ ಹೌದು. 1999ರಲ್ಲಿ ನ್ಯೂಯಾರ್ಕ್ ಜನ ತಮ್ಮ ಕ್ವೀನ್ಸ್‌ನ ರಾನ್ ಆರ್ಟೆಸ್ಟ್ ಬೇಕೆಂದರು. ನಿಕ್ಸ್ ಆರಿಸಿದ ಫ್ರಾನ್ಸ್‌ನ ಫ್ರೆಡರಿಕ್ ವೈಸ್ ಎನ್‌ಬಿಎಯಲ್ಲಿ ಆಡಲೇ ಇಲ್ಲ. 2015ರಲ್ಲಿ ಅದೇ ಅಭಿಮಾನಿಗಳು ಲಾಟ್ವಿಯಾದ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಹೆಸರು ಕೇಳಿ ಹೂಯಿಲೆಬ್ಬಿಸಿದರು. ಮೂರೇ ವರ್ಷಕ್ಕೆ ಅವರು ಆಲ್‌ಸ್ಟಾರ್ ಆದರು. 2015ರ ಅದೇ ರಾತ್ರಿ 52ನೇ ಆಯ್ಕೆಯಾಗಿ ಡಲ್ಲಾಸ್ ಕರೆದ ಹೆಸರು ಪಂಜಾಬಿನ ಸತ್ನಾಮ್ ಸಿಂಗ್. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವರು.

ಯಾರ ಪಾಲು ಎಷ್ಟು

ಸರದಿಯ ನಿಯಮವನ್ನು ಮಾಲೀಕರು ತಮ್ಮ ಹಿತಕ್ಕಾಗಿ ಮಾಡಿಕೊಂಡರು. ಆಯ್ಕೆಯ ಅಧಿಕಾರ ಇಂದಿಗೂ ಮುಚ್ಚಿದ ಕೋಣೆಯದು. ಆ ನಿಯಮದಲ್ಲಿ ಅಭಿಮಾನಿಗೆ ಬರೆದಿಟ್ಟ ಪಾಲೇನೂ ಇರಲಿಲ್ಲ. ವಾದಿಸಿ ವಾದಿಸಿ ಅವರೇ ಒಂದನ್ನು ದಕ್ಕಿಸಿಕೊಂಡರು. ವರ್ಷವಿಡೀ ಸೋಲನ್ನು ಟಿಕೆಟ್ ಕೊಂಡು ನೋಡಿದವರಿಗೆ ನಾಳೆ ಹೀಗಿರಲಿ ಎಂದು ಹೇಳುವ ಹಕ್ಕು ಖಂಡಿತ ಇದೆ. ಹಾಗೆ ಹೇಳುತ್ತಲೇ ಅವರು ಆಟವನ್ನು ಕಲಿಯುತ್ತಾರೆ. ಕಾಣದ ಊರಿನ ಕಾಲೇಜು ಹುಡುಗನ ಆಟವನ್ನು ಗಂಟೆಗಟ್ಟಲೆ ನೋಡುತ್ತಾರೆ. ತಮ್ಮ ತಂಡಕ್ಕೆ ಏನು ಕೊರತೆ ಎಂದು ಯೋಚಿಸುತ್ತಾರೆ. ಇದು ಬರೀ ಕಾಲಹರಣವಲ್ಲ, ಒಂದು ಊರು ತನ್ನ ತಂಡವನ್ನು ತನ್ನದಾಗಿ ಉಳಿಸಿಕೊಳ್ಳುವ ಬಗೆ.

ಆದರೆ ಆ ಹಕ್ಕಿಗೆ ಒಂದು ಎಲ್ಲೆಯೂ ಇರಬೇಕು. ಬೋವಿ, ಓಡನ್ ಹೆಸರುಗಳು ದಶಕಗಳಿಂದ ಗೇಲಿಯ ಸರಕಾಗಿವೆ. ಅವರು ತಮ್ಮನ್ನು ತಾವೇ ಆರಿಸಿಕೊಳ್ಳಲಿಲ್ಲ. ಮೂಳೆ ಮುರಿದದ್ದು ಸೋಮಾರಿತನದಿಂದಲೂ ಅಲ್ಲ. ಬೋವಿ ಪೋರ್ಟ್‌ಲ್ಯಾಂಡ್ ಬಿಟ್ಟ ಮೇಲೆಯೂ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದರು. ಓಡನ್ ತಮ್ಮ ಹಳೆಯ ವಿಶ್ವವಿದ್ಯಾಲಯಕ್ಕೆ ಮರಳಿ, ಹರೆಯದಲ್ಲಿ ಬಿಟ್ಟಿದ್ದ ಪದವಿಯನ್ನು 2019ರಲ್ಲಿ ಮುಗಿಸಿದರು. ಅವರನ್ನು ಆರಿಸಿದ ತೀರ್ಮಾನವನ್ನು ಎಷ್ಟು ಬೇಕಾದರೂ ಟೀಕಿಸಬಹುದು, ಟೀಕಿಸಬೇಕು ಕೂಡ. ಗಾಯಗೊಂಡ ಆಟಗಾರನನ್ನು ಹಂಗಿಸುವುದು ಟೀಕೆಯಲ್ಲ.

2025ರ ಜೂನ್‌ನಲ್ಲಿ ಪೋರ್ಟ್‌ಲ್ಯಾಂಡ್ 11ನೇ ಸರದಿಯನ್ನು ಬಿಟ್ಟುಕೊಟ್ಟು, 16ನೆಯದರಲ್ಲಿ ಚೀನಾದ ಯಾಂಗ್ ಹಾನ್‌ಸೆನ್‌ರನ್ನು ಆರಿಸಿ ಎಲ್ಲರನ್ನೂ ಬೆರಗಾಗಿಸಿತು. ಅವರದ್ದೂ ಏಳಡಿ ದಾಟಿದ ಎತ್ತರ, ಅವರೂ ಸೆಂಟರ್. ವಾದ ಆ ರಾತ್ರಿಯೇ ಶುರುವಾಯಿತು. ಅದು ನಡೆಯಲಿ, ಜೋರಾಗಿಯೇ ನಡೆಯಲಿ. ಇಪ್ಪತ್ತರ ಆ ಹುಡುಗ ಬೆಳೆಯಲು ಬೇಕಾದ ಕಾಲವನ್ನು ಮಾತ್ರ ಎರಡೂ ಪಕ್ಷದವರು ಅವನಿಗೆ ಕೊಡಲಿ. ಲರೂ ಮಾರ್ಟಿನ್‌ರಿಂದ ಓಡನ್‌ವರೆಗೆ ಅಷ್ಟೊಂದು ನೋವು ಕಂಡ ಊರಿಗೆ ಆ ತಾಳ್ಮೆ ಬೇರೆ ಯಾವ ಊರಿಗಿಂತಲೂ ಚೆನ್ನಾಗಿ ಒಪ್ಪುತ್ತದೆ.